ತಿರುಳಿಗೊಂದು ಹಂದರ

ಆ ಊರಿನಲ್ಲಿ ಯಾರಿಗೂ ಹಲ್ಲುನೋವು ಬರುತ್ತಿರಲಿಲ್ಲ. ಬರಕೂಡದೆಂದು ಕಟ್ಟಳೆಯಿತ್ತು.

ಊರಿನ ಎದುರು ಕೆರೆ, ಕೆರೆಯ ತುಂಬ ಬಿಳಿ ಜೊಂಡು. ಆ ಜೊಂಡಿಗೆ ಕಬ್ಬಿಣ ಸೋಕಿದರೆ ನಾರು ಕಪ್ಪಾಗಿ ಕೊಳೆಯುತ್ತಿತ್ತು. ಹಲ್ಲಿನಿಂದ ಕಚ್ಚಿ ಸೀಳಿದರೆ ಮಾತ್ರ ಎಲ್ಲೂ ತುಂಡಾಗದ, ಹಾಲಿನ ಬಣ್ಣದ ಎಳೆ ಬಿಡಿಸಿಕೊಂಡು ಬರುತ್ತಿತ್ತು. ಆದರೆ ಜೊಂಡಿನ ರಸ ಎಷ್ಟು ತಣ್ಣಗಿತ್ತೆಂದರೆ, ಜೀವವಿರುವ ಹಲ್ಲಿಗೆ ಒಂದು ತೊಟ್ಟು ತಗುಲಿದರೂ ನೆತ್ತಿಯವರೆಗೆ ಸಿಡಿದು, ಎಂಥ ಗಟ್ಟಿ ಆಳೂ ನಿಂತಲ್ಲೇ ಕುಸಿಯುತ್ತಿದ್ದ. ಆದ್ದರಿಂದ ಹದಿಮೂರು ತುಂಬಿದ ಪ್ರತಿ ಮಗುವಿನ ಒಂದೊಂದು ಹಲ್ಲಿನಿಂದಲೂ ನೋವು ತಿಳಿಯುವ ತಿರುಳು ತೆಗೆಯಬೇಕು. ಅದು ಕಟ್ಟಳೆ. ಯಾರು ಮಾಡಿದ್ದು ಎಂದು ಯಾರೂ ಕೇಳಿರಲಿಲ್ಲ.

ಕೆರೆ ತುಂಬಿದ ಮೊದಲ ಹುಣ್ಣಿಮೆಯ ಬೆಳಿಗ್ಗೆ ದಂಡೆಯ ಚಪ್ಪಡಿಯ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಮಲಗಿಸುತ್ತಿದ್ದರು. ಸೂಜಿಯಜ್ಜ ಹಲ್ಲಿಗೆ ತೂತು ಕೊರೆದು, ಬೇರಿನವರೆಗೆ ಸೂಜಿ ಇಳಿಸಿ, ತಿರುವಿ, ಎಳೆಯುತ್ತಿದ್ದ. ಸೂಜಿಯ ತುದಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣದೊಂದು ಕೆಂಪು ಎಳೆ ಬರುತ್ತಿತ್ತು. ಅದನ್ನು ಎಲೆಯ ಮೇಲಿಟ್ಟು ನೀರಿಗೆ ಬಿಡುತ್ತಿದ್ದರು. ನೆರೆದ ಜನ ಹೇಳುತ್ತಿದ್ದರು: "ಹೋಯಿತು, ಹೋಯಿತು, ನೋವು ಹೋಯಿತು." ಮಗು ಅಳು ನಿಲ್ಲಿಸುವವರೆಗೂ ಹೇಳುತ್ತಿದ್ದರು. ಆಮೇಲೆ ಮೇಣದವಳು ಮುಂದೆ ಬಂದು, ಬರಿದಾದ ಹಲ್ಲಿಗೆ ಬೂದಿ ಕಲಸಿದ ಮೇಣ ತುಂಬಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತಿದ್ದಳು.

ಹೀಗೆ ತಿರುಳು ಹೋದವರು ಮಾರನೆಯ ವಾರವೇ ಜೊಂಡು ಸೀಳಲು ಕೂರುತ್ತಿದ್ದರು. ಎಳೆಯೆಲ್ಲ ಗುಡ್ಡದ ಮೇಲಿನ ದೊಡ್ಡಮನೆಗೆ ಹೋಗುತ್ತಿತ್ತು. ಕೆಳಗಿನವರಿಗೆ ಗಂಜಿ, ಒಂದು ಸೂರು, ನೋವಿಲ್ಲದ ಬಾಯಿ. ಇಪ್ಪತ್ತೈದಕ್ಕೆ ಹಲ್ಲು ಬೂದುಬಣ್ಣಕ್ಕೆ ತಿರುಗುತ್ತಿತ್ತು. ಮೂವತ್ತಕ್ಕೆ ಕಪ್ಪು. ನಲವತ್ತಕ್ಕೆ ಒಣಗಿದ ಚಕ್ಕೆಯಂತೆ ಪುಡಿಯಾಗಿ ಉದುರುತ್ತಿತ್ತು. ಉದುರಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾಲಿಗೆ ತಡವಿದಾಗಲೇ ಗೊತ್ತು.

ಈ ಕಥೆ ಆ ಮೇಣದವಳದ್ದು.

ಅವಳಿಗೊಬ್ಬಳು ಅಕ್ಕ ಇದ್ದಳು. ಊರಿನಲ್ಲೇ ಚುರುಕಾಗಿ ಜೊಂಡು ಸೀಳುವವಳು. ದೊಡ್ಡಮನೆಯ ಯಜಮಾನ ವರ್ಷಕ್ಕೊಮ್ಮೆ ಅವಳ ಹೆಸರು ಹಿಡಿದು ಹೊಗಳುತ್ತಿದ್ದ. ಒಂದು ಬೇಸಿಗೆಯಲ್ಲಿ ಅಕ್ಕನ ದವಡೆ ಊದಿಕೊಂಡಿತು. ನೋವಿಲ್ಲವಲ್ಲ ಎಂದು ಅವಳು ಕೆಲಸಕ್ಕೆ ಹೋದಳು. ಕೆನ್ನೆ ಊದಿತು, ನೋವಿಲ್ಲವಲ್ಲ ಎಂದು ಹೋದಳು. ಕಣ್ಣು ಮುಚ್ಚಿಹೋಗುವಷ್ಟು ಊದಿದಾಗ ಮಾತ್ರ ಮನೆಯಲ್ಲಿ ಮಲಗಿದಳು. ಮೂರನೆಯ ದಿನ ಸತ್ತಳು. ಅವಳ ಬಾಯಿ ತೆರೆದು ನೋಡಿದರೆ ಒಂದು ದವಡೆ ಹಲ್ಲಿನ ಬುಡದಲ್ಲಿ ಕೀವು ಎಷ್ಟೋ ಕಾಲದಿಂದ ತುಂಬಿಕೊಂಡು, ದಾರಿ ಕಾಣದೆ ಒಳಗೊಳಗೇ ಹರಡಿತ್ತು. ಕೂಗಿ ಹೇಳಬೇಕಾಗಿದ್ದ ನರವೇ ಅಲ್ಲಿರಲಿಲ್ಲ.

ಮಣ್ಣು ಮಾಡುವಾಗ ಯಜಮಾನ ಬಂದ. ಗುಂಡಿಯ ಅಂಚಿನಲ್ಲಿ ನಿಂತು, "ಪುಣ್ಯವಂತೆ. ಸಾಯುವಾಗಲೂ ಒಂದು ಚೂರು ನೋವು ಕಾಣಲಿಲ್ಲ" ಅಂದ.

ಜನ ತಲೆಯಾಡಿಸಿದರು. ಮೇಣದವಳಿಗೆ ಎದೆಯಿಂದ ಏನೋ ಮೇಲೆದ್ದು ಬಂತು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಹಲ್ಲು ಕಚ್ಚಿ ಹಿಡಿದಳು. ಕಟಕ್ಕೆಂದು ಸದ್ದಾಯಿತು. ಕೈಗೆ ಉಗುಳಿಕೊಂಡು ನೋಡಿದರೆ ಅವಳದೇ ಮುಂದಿನ ಹಲ್ಲು. ಕೋಳಿಮೊಟ್ಟೆಯ ಚಿಪ್ಪಿನಂತೆ ಒಡೆದಿತ್ತು. ಒಳಗೆ ಅವಳದೇ ಮೇಣ, ಅವಳದೇ ಬೂದಿ.

ಸಿಟ್ಟು ಬಂದರೆ ಕಡಿಯುವುದಕ್ಕೂ ಹಲ್ಲಿಲ್ಲದ ಹಾಗೆ ಮಾಡಿಟ್ಟಿದ್ದಾರೆ ಅನ್ನಿಸಿತು ಅವಳಿಗೆ. ಆ ದಿನದಿಂದ ಅವಳ ಸಿಟ್ಟು ಇಳಿಯಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ಹಿಂದಿನ ವರ್ಷವಷ್ಟೇ ಚಪ್ಪಡಿಯ ಮೇಲೆ ಮಲಗಿ ಎದ್ದವಳು. ಮೇಣದವಳು ಅವಳನ್ನು ತನ್ನ ಮನೆಗೆ ಕರೆತಂದಳು. ಎರಡು ತಿಂಗಳು ಕಳೆದಿರಬಹುದು, ಒಂದು ದಿನ ಹುಡುಗಿಯ ತಲೆ ಬಾಚುತ್ತಿದ್ದಾಗ ಅವಳ ಬಾಯಿಂದ ಒಂದು ಸಣ್ಣ ವಾಸನೆ ಬಂತು. ಮೇಣದವಳ ಕೈ ನಿಂತುಬಿಟ್ಟಿತು.

"ಬಾಯಿ ತೆಗಿ."

"ಯಾಕೆ ಚಿಕ್ಕವ್ವ? ನೋವೇನಿಲ್ಲ."

"ನೋವಿಲ್ಲ ಅಂತ ಇನ್ನೊಂದು ಸಲ ಅಂದರೆ ಕಪಾಳಕ್ಕೆ ಹೊಡೀತೀನಿ. ತೆಗಿ ಬಾಯಿ."

ಬಲಗಡೆಯ ದವಡೆ ಹಲ್ಲಿನ ಬುಡದಲ್ಲಿ ವಸಡು ಒಂದಿಷ್ಟು ಉಬ್ಬಿತ್ತು.

ಮೇಣದವಳು ನೇರ ಸೂಜಿಯಜ್ಜನ ಗುಡಿಸಲಿಗೆ ನಡೆದಳು. ಅಜ್ಜ ಬಿಸಿಲಿಗೆ ಕೂತು ಸೂಜಿ ಮಸೆಯುತ್ತಿದ್ದ.

"ಅಜ್ಜ, ತೆಗೆದದ್ದನ್ನ ಮತ್ತೆ ಹಾಕೋದು ಹೇಗೆ?"

"ಏನು ತೆಗೆದದ್ದು?"

"ತಿರುಳು."

ಅಜ್ಜ ಮಸೆಯುವುದನ್ನು ನಿಲ್ಲಿಸಿದ. ಅತ್ತಿತ್ತ ನೋಡಿದ. "ಹಾಕೋದು ಅಂತ ಇಲ್ಲ. ಅದೇನು ಎಣ್ಣೆಯೇ, ಸುರಿಯೋಕೆ? ಹೋಗು ಮನೆಗೆ."

ಅವಳು ಹೋಗಲಿಲ್ಲ. ನೆರಳು ಗುಡಿಸಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬರುವವರೆಗೂ ಕೂತೇ ಇದ್ದಳು. ಕೊನೆಗೆ ಅಜ್ಜನೇ ಬಾಯಿಬಿಟ್ಟ.

"ಹಾಕೋಕೆ ಬರಲ್ಲ. ಆದರೆ ಅದು ಬರುತ್ತೆ. ನಾನು ಹುಡುಗನಾಗಿದ್ದಾಗ ಒಂದು ಕೂಸಿನ ಬೇರಿನಾಚೆಗೂ ಸೂಜಿ ಇಳಿಸಿಬಿಟ್ಟೆ. ಹಲ್ಲಿನ ತುಂಬ ರಕ್ತ ಬಂತು. ಹೆದರಿ ಹಾಗೇ ಮುಚ್ಚಿದೆ. ವರ್ಷ ಕಳೆದು ತೆಗೆದು ನೋಡಿದರೆ ಬೇರಿನ ತುದಿಯಲ್ಲಿ ಕೆಂಪಗೆ ಜೀವ ಚಿಗುರಿತ್ತು. ಎಳೆಯ ಬೇರು ನೋಡು, ತುದಿ ಇನ್ನೂ ಮುಚ್ಚಿರಲಿಲ್ಲ. ಅಲ್ಲಿಂದ ಹತ್ತಿ ಬಂದಿತ್ತು."

"ಆಮೇಲೆ?"

"ದೊಡ್ಡಮನೆಯವರಿಗೆ ಹೇಳಿದೆ. ಕೆರೆದು ತೆಗಿ ಅಂದರು. ಕೆರೆದು ತೆಗೆದೆ."

ಮೇಣದವಳು ಎದ್ದು ನಿಂತಳು. ಅಜ್ಜನ ಕೊರಳು ಹಿಡಿದುಬಿಡುವಷ್ಟು ಕೋಪ ಬಂದಿತ್ತು. "ಅರವತ್ತು ವರ್ಷ ಇದನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಗಂಜಿ ಕುಡಿದೆಯಲ್ಲ ಅಜ್ಜ. ಹೇಗೆ ಇಳೀತು ಗಂಟಲಲ್ಲಿ?"

ಅಜ್ಜ ತಲೆ ಎತ್ತಲಿಲ್ಲ. "ಪೂರ್ತಿ ಬಂದಿರಲಿಲ್ಲ" ಎಂದ ಮೆಲ್ಲಗೆ. "ತುದಿಯಲ್ಲೇ ನಿಂತಿತ್ತು. ರಕ್ತ ಹೆಪ್ಪುಗಟ್ಟಿ ಕುಗ್ಗಿಬಿಡುತ್ತೆ. ಮೇಲೆ ಹತ್ತೋಕೆ ಅದಕ್ಕೆ ಹಿಡಿತ ಇರಲಿಲ್ಲ."

ಹಿಡಿತ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಆ ಮಾತನ್ನೇ ಅಗಿಯುತ್ತ ಬಂದಳು. ಹಿತ್ತಿಲಲ್ಲಿ ಹೀರೆಯ ಬಳ್ಳಿ ಹಂದರದ ಮೇಲೆ ಹಬ್ಬಿತ್ತು. ಹಂದರದಾಚೆ ಬಿದ್ದ ಒಂದು ಕುಡಿ ನೆಲದಲ್ಲೇ ತೆವಳಿ ಕೊಳೆತಿತ್ತು.

ಅವಳು ಹಲ್ಲಿನೊಳಗೆ ಹಂದರ ಕಟ್ಟಲು ಹೊರಟಳು.

ಕೊರೆದು ನೋಡಲು ತನ್ನ ಬಾಯಿಯೇ ಇತ್ತು. ತನ್ನ ಬೇರಿನ ತುದಿಗಳು ಎಂದೋ ಮುಚ್ಚಿಹೋಗಿವೆ, ಅಲ್ಲಿ ಏನೂ ಚಿಗುರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಯಾವ ವಸ್ತು ಕೊಳೆಯುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡಬಹುದಲ್ಲ. ಮೊದಲು ಹತ್ತಿಯ ಎಳೆ ತುಂಬಿದಳು. ಹತ್ತೇ ದಿನಕ್ಕೆ ನಾತ ಹೊಡೆಯಿತು. ಜೇಡಿಮಣ್ಣನ್ನು ಸುಟ್ಟು ಸಣ್ಣಗೆ ಕುಟ್ಟಿ ತುಂಬಿದಳು. ಅದು ನಿಂತಿತು, ಆದರೆ ಕಲ್ಲಿನಂತೆ ನಿಂತಿತು. ಕರಗಲಿಲ್ಲ, ಯಾವುದಕ್ಕೂ ಜಾಗ ಬಿಡಲಿಲ್ಲ. ಜೊಂಡಿನ ನಾರನ್ನೇ ತುಂಬಿದಾಗ ಅದು ಉಗುಳಿಗೆ ಉಬ್ಬಿ ಹಲ್ಲನ್ನೇ ಎರಡು ಹೋಳು ಮಾಡಿತು.

ಒಂದೊಂದು ಹಲ್ಲು ಹೋದಾಗಲೂ ಅವಳ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಈ ಹಂದರ ಬಳ್ಳಿಯ ಹಂದರದಂತೆ ಉಳಿಯಕೂಡದು ಎಂಬುದು ಅವಳಿಗೆ ಹೊಳೆದದ್ದು ಆಗ. ಜೀವ ಹತ್ತುವವರೆಗೆ ನಿಲ್ಲಬೇಕು, ಹತ್ತಿದಷ್ಟೂ ಕರಗಬೇಕು. ಬೇಗ ಕರಗಿದರೆ ಜೀವ ಕುಸಿಯುತ್ತದೆ. ಕರಗದೆ ಉಳಿದರೆ ಜೀವಕ್ಕೆ ಜಾಗವಿಲ್ಲ.

ಕೆರೆಯ ಮೀನಿನ ಚರ್ಮ ಸುಲಿದು ದಿನವಿಡೀ ಸಣ್ಣ ಉರಿಯಲ್ಲಿ ಕುದಿಸಿದಳು. ಅಂಟಾಯಿತು. ಅದು ಮೂರೇ ದಿನಕ್ಕೆ ಕರಗಿಹೋಯಿತು. ಏಡಿಯ ಚಿಪ್ಪನ್ನು ಹುಳಿಯಲ್ಲಿ ನೆನೆಸಿ, ಸುಣ್ಣವೆಲ್ಲ ಬಿಟ್ಟಮೇಲೆ, ಬೂದಿನೀರಿನಲ್ಲಿ ಕುದಿಸಿ, ಉಳಿದ ತೆಳುಪೊರೆಯನ್ನು ಅರೆದು ಅಂಟಿಗೆ ಸೇರಿಸಿದಳು. ಆ ಮಿಶ್ರಣವನ್ನು ಮೊರದಲ್ಲಿ ಹರವಿ ಮಾಗಿಯ ಕೊರೆಯುವ ಗಾಳಿಗೆ ಇಟ್ಟಳು. ಅದು ಹೆಪ್ಪುಗಟ್ಟಿ, ಒಣಗಿ, ಒಂದು ವಾರಕ್ಕೆ ಬೂರುಗದ ಹತ್ತಿಯಷ್ಟು ಹಗುರಾಗಿ ಎದ್ದಿತು. ಬೆಳಕಿಗೆ ಹಿಡಿದರೆ ಒಳಗೆಲ್ಲ ತೂತು. ತೂತಿನಿಂದ ತೂತಿಗೆ ದಾರಿ. ಒಂದು ಚೂರು ತನ್ನ ಹಲ್ಲಿಗಿಟ್ಟು ಕಾದಳು. ತಿಂಗಳಾದರೂ ನಾತವಿಲ್ಲ. ಎರಡು ತಿಂಗಳಿಗೆ ಅರ್ಧ ಕರಗಿತ್ತು.

ಈ ತಿಂಗಳುಗಳಲ್ಲೆಲ್ಲ ಹುಡುಗಿಯ ವಸಡು ಇಳಿಯುತ್ತ, ಮತ್ತೆ ಉಬ್ಬುತ್ತ ಇತ್ತು. ಮೇಣದವಳು ದಿನವೂ ಮೇಣ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಕೀವು ಬಸಿದು, ಉಬ್ಬು ಇಳಿಯುವವರೆಗೂ ಹಲ್ಲನ್ನು ಬರಿದಾಗಿಯೇ ಬಿಟ್ಟಳು. ಆಮೇಲೆ ಸೂಜಿಯಜ್ಜನನ್ನು ಕರೆಸಿದಳು. ಅವನು ಬರಲಾರೆ ಎಂದು ಹೇಳಿಕಳಿಸಿದ. ಅವಳು ತಾನೇ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ನೋವಾಗುತ್ತೆ" ಎಂದಳು ಹುಡುಗಿಗೆ. "ಈಗ ಸೂಜಿ ಜೀವ ಇರೋ ಕಡೆಗೆ ಹೋಗುತ್ತೆ. ಅಲ್ಲಿಂದ ರಕ್ತ ತರಬೇಕು. ಬೇಡ ಅಂದರೆ ಈಗಲೇ ಹೇಳು."

"ಅವ್ವನಿಗೆ ನೋವಾಗಿದ್ದರೆ ಅವ್ವ ಇರುತ್ತಿದ್ದಳಾ?"

"ಇರುತ್ತಿದ್ದಳು."

ಹುಡುಗಿ ಬಾಯಿ ತೆರೆದಳು.

ಅಜ್ಜ ಸೂಜಿಯನ್ನು ಬೇರಿನ ತುದಿ ದಾಟಿಸಿದ. ಹುಡುಗಿಯ ಕಾಲು ನೆಲಕ್ಕೆ ಬಡಿಯಿತು. ಹಲ್ಲಿನೊಳಗೆ ರಕ್ತ ಮೇಲೇರಿ ಬಂತು. ಮೇಣದವಳು ಹಂದರದ ಚೂರನ್ನು ಅದರೊಳಗೆ ಇಳಿಸಿದಳು. ಬಿಳಿಯ ಚೂರು ಕ್ಷಣದಲ್ಲಿ ಕೆಂಪಾಯಿತು. ತೂತು ತೂತಿಗೂ ರಕ್ತ ಹತ್ತಿತು. ಮೇಲೆ ಬೂದಿಮೇಣ ಹಾಕಲಿಲ್ಲ. ನುಣ್ಣನೆಯ ಸುಣ್ಣ ಕಲಸಿ ಮುಚ್ಚಳ ಹಾಕಿದಳು. ಯಾರೂ "ನೋವು ಹೋಯಿತು" ಅನ್ನಲಿಲ್ಲ.

ಹುಡುಗಿ ಎಡಗಡೆಯ ಹಲ್ಲಿನಲ್ಲೇ ಜೊಂಡು ಸೀಳಿದಳು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ಹಲ್ಲಿಗೆ ಏನಾದರೂ ತಿಳಿಯುತ್ತಾ ಎಂದು ಮೇಣದವಳು ದಿನವೂ ಕೇಳುತ್ತಿದ್ದಳು, ಹುಡುಗಿ ದಿನವೂ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಆರನೆಯ ತಿಂಗಳು ಒಂದು ಮಧ್ಯಾಹ್ನ ಜೊಂಡಿನ ಅಂಗಳದಲ್ಲಿ ನೂರು ಜನ ಕೂತು ಸೀಳುತ್ತಿದ್ದರು. ಹುಡುಗಿ ನೀರು ಕುಡಿಯಲು ಕೆರೆಗೆ ಬಗ್ಗಿದಳು. ಒಂದು ಬೊಗಸೆ ಬಾಯಿಗೆ ಹಾಕಿಕೊಂಡದ್ದೇ ತಡ, ಕಿಟಾರನೆ ಕಿರುಚಿದಳು.

ಆ ಅಂಗಳದಲ್ಲಿ ಯಾರೂ ಹಾಗೆ ಕಿರುಚಿರಲಿಲ್ಲ. ನೂರು ಬಾಯಿಗಳಿಂದ ಜೊಂಡು ಜಾರಿತು.

"ಚಿಕ್ಕವ್ವಾ! ಜುಮ್ಮಂತು! ಹಲ್ಲು ಜುಮ್ಮಂತು!"

ಮೇಣದವಳು ಓಡಿಬಂದು ಅವಳ ಕೆನ್ನೆ ಹಿಡಿದುಕೊಂಡಳು. ಹುಡುಗಿ ನಗುತ್ತಿದ್ದಳು, ಅಳುತ್ತಿದ್ದಳು. ನೋಡನೋಡುತ್ತ ಅವಳ ಮುಖ ಬಿಗಿದುಕೊಂಡಿತು. ಕೈಯಲ್ಲಿದ್ದ ಜೊಂಡನ್ನು ನೋಡಿ ಅದನ್ನು ನೆಲಕ್ಕೆ ಎಸೆದಳು. "ಇದನ್ನ ನನ್ನ ಬಾಯಿಗೆ ಯಾಕೆ ಕೊಟ್ಟರು?" ಅಂದಳು.

ಸುದ್ದಿ ಗುಡ್ಡ ಹತ್ತಿತು. ಮರುದಿನ ಯಜಮಾನನೇ ಮೇಣದವಳ ಮನೆ ಬಾಗಿಲಿಗೆ ಬಂದ. ಅವನು ಕೂಗಾಡಲಿಲ್ಲ. ಜಗುಲಿಯ ಮೇಲೆ ಕೂತು, ಒಣಗಲು ಇಟ್ಟಿದ್ದ ಮೊರವನ್ನು ನೋಡಿದ.

"ತುಂಬ ಶ್ರಮಪಟ್ಟಿದ್ದೀಯಮ್ಮ" ಎಂದ. "ಆದರೆ ಏನು ತಂದುಕೊಟ್ಟೆ ಈ ಮಗುವಿಗೆ? ನೋವು. ನಮ್ಮ ಹಿರಿಯರು ಇಡೀ ಊರಿನಿಂದ ಓಡಿಸಿದ ನೋವನ್ನ ನೀನು ಮತ್ತೆ ಕರೆತಂದೆ. ಊರವರನ್ನೇ ಕೇಳೋಣ, ಅವರಿಗೆ ಬೇಕಾ ಅಂತ. ಮುಂದಿನ ಹುಣ್ಣಿಮೆಗೆ ಚಪ್ಪಡಿಯ ಹತ್ತಿರ ಎಲ್ಲರೂ ಸೇರುತ್ತಾರಲ್ಲ."

ಊರವರು ಆ ದಿನದವರೆಗೂ ಕಾಯಲಿಲ್ಲ. ನೀರು ತರಲು ಹೋದರೆ ಹೆಂಗಸರು ದೂರ ಸರಿದರು. ಮೀನು ಹಿಡಿಯುವವನು ಚರ್ಮ ಕೊಡುವುದಿಲ್ಲವೆಂದ. "ಸುಮ್ಮನಿದ್ದ ಬಾಯಿಗೆ ಬೆಂಕಿ ಇಡ್ತಾಳೆ" ಎಂದು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. ಯಜಮಾನನ ಮೇಲಿದ್ದ ಸಿಟ್ಟಿಗಿಂತ ಇವರ ಮೇಲಿನ ಸಿಟ್ಟು ಅವಳನ್ನು ಹೆಚ್ಚು ಸುಟ್ಟಿತು. ಇವರ ಬಾಯಿಗಳನ್ನು ಅವಳು ಬಲ್ಲಳು. ಯಾರ ಯಾವ ಹಲ್ಲು ಯಾವಾಗ ಉದುರಿತೆಂದು ಬಲ್ಲಳು.

ಹುಣ್ಣಿಮೆಯ ಬೆಳಿಗ್ಗೆ ಬಂತು. ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದರು. ಯಜಮಾನ ಚಪ್ಪಡಿಯ ಪಕ್ಕ ನಿಂತು, "ಮೊದಲು ಮೇಣದವಳ ಅಕ್ಕನ ಮಗಳನ್ನ ಮಲಗಿಸಿ. ಬೆಳೆದದ್ದನ್ನ ತೆಗೆಯಿರಿ. ಮಗು ನೆಮ್ಮದಿಯಾಗಿರಲಿ" ಎಂದ.

ಇಬ್ಬರು ಗಂಡಸರು ಹುಡುಗಿಯ ತೋಳು ಹಿಡಿದರು. ಸೂಜಿಯಜ್ಜನ ಕೈಗೆ ಸೂಜಿ ಕೊಟ್ಟರು. ಅಜ್ಜ ಸೂಜಿ ಹಿಡಿದು ನಿಂತ, ಹೆಜ್ಜೆ ಮುಂದಿಡಲಿಲ್ಲ.

ಮೇಣದವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಏನು ಹೇಳಬೇಕೆಂದು ಅವಳು ಯೋಚಿಸಿಕೊಂಡು ಬಂದಿರಲಿಲ್ಲ. ಯಜಮಾನ ಬಾಯಿ ತೆರೆದು ನಕ್ಕ. ಆಗ ಅವಳು ಆ ಬಾಯಿಯನ್ನು ನೋಡಿದಳು. ಇಪ್ಪತ್ತು ವರ್ಷ ಬಾಯಿಗಳನ್ನೇ ನೋಡಿದವಳು ಮೊದಲ ಸಲ ಆ ಬಾಯಿಯನ್ನು ನೋಡಿದಳು. ಅರವತ್ತು ದಾಟಿದವನ ಬಾಯಿ. ಸಾಲು ತುಂಬ ಹಲ್ಲು. ಹಾಲಿನಂಥ ಹಲ್ಲು.

"ಧಣಿ," ಅಂದಳು, "ನಿಮ್ಮ ಹಲ್ಲಿಗೆ ಮೇಣ ತುಂಬಿದ್ದು ಯಾರು?"

ಯಜಮಾನ ನಗು ನಿಲ್ಲಿಸಿದ.

"ಇಲ್ಲಿರುವವರ ಒಂದೊಂದು ಬಾಯಿಯೂ ನನ್ನ ಕೈಕೆಳಗೆ ಬಂದಿದೆ. ನನಗಿಂತ ಮೊದಲು ನಮ್ಮವ್ವನ ಕೈಕೆಳಗೆ ಬಂದಿದೆ. ದೊಡ್ಡಮನೆಯ ಒಂದು ಮಗುವೂ ಈ ಕಲ್ಲಿನ ಮೇಲೆ ಮಲಗಿದ್ದನ್ನ ನಾನು ಕಾಣೆ. ಅಜ್ಜ, ನೀನು ಕಂಡಿದ್ದೀಯಾ?"

"ಇಲ್ಲ" ಎಂದ ಅಜ್ಜ. ಎಲ್ಲರಿಗೂ ಕೇಳುವಂತೆ ಅಂದ.

ಮೇಣದವಳು ಕೆರೆಗೆ ಕೈಹಾಕಿ ಒಂದು ಹಸಿ ಜೊಂಡು ಕಿತ್ತಳು. ರಸ ಅವಳ ಮೊಣಕೈಯವರೆಗೆ ಇಳಿಯಿತು. ಯಜಮಾನನ ಮುಖದೆದುರು ಹಿಡಿದಳು.

"ನೋವು ಇಷ್ಟು ಕೆಟ್ಟದ್ದಾದರೆ ನೀವು ಯಾಕೆ ಇಟ್ಟುಕೊಂಡಿರಿ? ಕಚ್ಚಿ ಧಣಿ. ಒಂದೇ ಒಂದು ಸಲ ಕಚ್ಚಿ. ನನ್ನಕ್ಕ ದಿನಕ್ಕೆ ನೂರು ಕಚ್ಚುತ್ತಿದ್ದಳು."

ಯಜಮಾನ ಜನರ ಕಡೆ ನೋಡಿದ. ಜನ ಅವನ ಬಾಯಿಯ ಕಡೆ ನೋಡುತ್ತಿದ್ದರು. ಜೊಂಡಿನ ತುದಿಯಿಂದ ಒಂದು ತೊಟ್ಟು ರಸ ಬಿತ್ತು. ಅವನು ತುಟಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಹೋದ.

ಅಷ್ಟೇ ನಡೆದದ್ದು. ಯಾರೂ ಕಲ್ಲೆಸೆಯಲಿಲ್ಲ. ಯಾರೂ ಕೂಗಲಿಲ್ಲ, ಕೂಗುವ ಅಭ್ಯಾಸ ಆ ಊರಿಗಿರಲಿಲ್ಲ. ಸಾಲಿನ ಮೊದಲಲ್ಲಿದ್ದ ಮಗುವಿನ ತಾಯಿ ಬಂದು ಮಗುವಿನ ಕೈ ಹಿಡಿದುಕೊಂಡು ಮನೆಯ ದಾರಿ ಹಿಡಿದಳು. ಇನ್ನೊಬ್ಬಳು ಹೋದಳು. ತೋಳು ಹಿಡಿದಿದ್ದ ಗಂಡಸರು ಹುಡುಗಿಯನ್ನು ಬಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚಪ್ಪಡಿಯ ಹತ್ತಿರ ಯಜಮಾನನೂ ಅವನ ಆಳುಗಳೂ ಮಾತ್ರ ಉಳಿದಿದ್ದರು. ಆ ವರ್ಷ ಅರ್ಧ ಕೆರೆಯ ಜೊಂಡು ನಿಂತಲ್ಲೇ ಒಣಗಿತು. ಮೇಲಿನಿಂದ ಗಂಜಿ ಬರುವುದು ನಿಂತಿತು. ಜನ ಹಸಿದರು, ಮೀನು ಹಿಡಿದು ತಿಂದರು. ಚರ್ಮವನ್ನು ಮೇಣದವಳ ಮನೆಗೆ ತಂದು ಸುರಿದರು.

ಎಳೆಯ ಬೇರುಗಳಿದ್ದವರೆಲ್ಲ ಅವಳ ಬಾಗಿಲಿಗೆ ಬಂದರು. ಸೂಜಿಯಜ್ಜ ಮಾತ್ರ ಬರಲಿಲ್ಲ. "ಅರವತ್ತು ವರ್ಷ ತೆಗೆದ ಕೈ ಇದು. ಈಗ ನಡುಗುತ್ತೆ" ಎಂದು ಸೂಜಿಗಳ ಗಂಟನ್ನು ಹುಡುಗಿಯ ಕೈಯಲ್ಲಿಟ್ಟು, ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟು ಹೋದ.

ಅದೇ ಸಂಜೆ ಹುಡುಗಿ ಮುಸುರೆ ತಿಕ್ಕುತ್ತ ಕೇಳಿದಳು. "ಚಿಕ್ಕವ್ವ, ಅವ್ವನ ಬಾಯಿಂದ ಮೊದಲೇ ವಾಸನೆ ಬಂದಿರಬೇಕಲ್ಲ? ನನ್ನ ಬಾಯಿಂದ ಬಂದ ಹಾಗೆ?"

ಮೇಣದವಳು ಒಲೆಯ ಮುಂದೆ ಕೂತಿದ್ದಳು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿದಳು.

"ಬಂದಿತ್ತು."

"ನಿನಗೆ ಹೇಳಿದ್ದಳಾ?"

"ಸಾಯೋಕೆ ಎರಡು ತಿಂಗಳು ಮೊದಲು ಬಂದಿದ್ದಳು. ಬಾಯಲ್ಲಿ ಏನೋ ನಾತ, ನೋಡು ಅಂದಳು. ನನಗೆ ಅವತ್ತು ಅವಸರ ಇತ್ತು. ಹಳೇ ಮೇಣದ ಮೇಲೇ ಹೊಸ ಮೇಣ ಒತ್ತಿ ಕಳಿಸಿದೆ."

ಹುಡುಗಿಯ ಕೈಯಲ್ಲಿ ಪಾತ್ರೆ ನಿಂತಿತು. ಅವಳು ಹಲ್ಲು ಕಡಿದಳು. ಕಡಿದ ಸದ್ದು ಒಲೆಯವರೆಗೂ ಕೇಳಿಸಿತು. ಆ ಹಲ್ಲು ಒಡೆಯಲಿಲ್ಲ. ಗಟ್ಟಿಯಾಗಿತ್ತು, ಜೀವ ತುಂಬಿತ್ತು.

"ನೀನು ಮುಚ್ಚಿಬಿಟ್ಟೆ" ಎಂದಳು.

"ಹೂಂ. ಮುಚ್ಚಿಬಿಟ್ಟೆ."

ಹುಡುಗಿ ಎದ್ದು ಹೋದಳು. ಅಂದಿನಿಂದ ಪಕ್ಕದ ಮನೆಯಲ್ಲೇ ಉಂಡಳು, ಅಲ್ಲೇ ಮಲಗಿದಳು. ಮೇಣದವಳು ಕರೆಯಲು ಹೋಗಲಿಲ್ಲ. ಕರೆಯುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಸಿಟ್ಟು ನ್ಯಾಯವಾದದ್ದು, ಇಂಥ ಸಿಟ್ಟು ಬರಲೆಂದೇ ತಾನು ಇಷ್ಟೆಲ್ಲ ಮಾಡಿದ್ದು ಎಂದೂ ಗೊತ್ತಿತ್ತು. ಹಾಗೆಂದು ಅದು ತಡೆದುಕೊಳ್ಳಲು ಹಗುರವಾಗಲಿಲ್ಲ. ಮೀನಿನ ಚರ್ಮ ಕುದಿಸಿದಳು, ಚಿಪ್ಪು ಅರೆದಳು, ಮೊರ ಗಾಳಿಗಿಟ್ಟಳು. ಬಂದವರನ್ನು ಸೂಜಿ ಇಳಿಸುವ ಕೈ ಇಲ್ಲವೆಂದು ಹಿಂದೆ ಕಳಿಸಿದಳು.

ಹತ್ತನೆಯ ದಿನ ಜಗುಲಿಯ ಮೇಲೆ ಒಬ್ಬ ತಾಯಿ ತನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಾವು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಳು. ಮಗುವಿನ ಕೆನ್ನೆ ಊದಿತ್ತು. ಮೇಣದವಳು ಉಪ್ಪುನೀರು ತಂದು ಹಲ್ಲು ತೊಳೆದಳು, ಕೀವು ಬಸಿದಳು. ಹಾಗೆಯೇ ನಾಲ್ಕು ದಿನ ಅವರನ್ನು ಅಲ್ಲೇ ಇರಿಸಿಕೊಂಡು ತೊಳೆದಳು. ಊತ ಇಳಿಯಿತು.

ಐದನೆಯ ಬೆಳಿಗ್ಗೆ ಹುಡುಗಿ ಅಂಗಳ ದಾಟಿ ಬಂದಳು. ಕೈಯಲ್ಲಿ ಸೂಜಿಗಳ ಗಂಟು. ಚಿಕ್ಕವ್ವನ ಮುಖ ನೋಡಲಿಲ್ಲ. ಮಗುವಿನ ತಲೆಯ ಬಳಿ ಮಂಡಿಯೂರಿ, "ನೋವಾಗುತ್ತೆ, ಜೋರಾಗಿ ಕಿರುಚು" ಎಂದು ಹೇಳಿ ಸೂಜಿ ಇಳಿಸಿದಳು. ಮಗು ಬೀದಿಗೆಲ್ಲ ಕೇಳುವಂತೆ ಕಿರುಚಿತು. ರಕ್ತ ಮೇಲೇರಿತು.

ಹುಡುಗಿ ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚಿದಳು.

"ಕೊಡು" ಅಂದಳು.

ಮೇಣದವಳು ಹಂದರದ ಚೂರನ್ನು ಅವಳ ಅಂಗೈಯಲ್ಲಿಟ್ಟಳು.